ಡಕ್ಟ್‌ನೊಳಗಿಂದ ಬಂದ ಬೀಡಿ ತುಂಡು

ಮುಂಬೈಯ ಮುಲುಂಡ್‌ನ ನಮ್ಮ ಫ್ಲ್ಯಾಟಿನ ರಿನೋವೇಶನ್ ಮುಗಿದು ಮೂರು ವಾರವಾದರೂ ಟೀಪಾಯಿ ಮೇಲಿನ ಬಿಳಿ ಪುಡಿ ಮುಗಿದಿರಲಿಲ್ಲ. ಬೆಳಿಗ್ಗೆ ಒರೆಸಿ, ಎಸಿ ಹಾಕಿ, ಕಾಫಿ ಕುಡಿಯುವಷ್ಟರಲ್ಲಿ ಅತ್ತೆ ಅದರ ಮೇಲೆ ಬೆರಳಲ್ಲಿ ರಂಗೋಲಿ ಎಳೆಯಬಹುದಿತ್ತು. ನಮ್ಮಲ್ಲಿ ಫಾಲ್ಸ್ ಸೀಲಿಂಗ್ ಮೇಲೆ ಒಂದೇ ಎಸಿ, ಅಲ್ಲಿಂದ ಹಾಲಿಗೂ ಎರಡು ಕೋಣೆಗೂ ತಣ್ಣನೆ ಗಾಳಿ ಒಯ್ಯುವ ಡಕ್ಟ್. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಉಜ್ಜುವವರು ಸೆಕೆ ತಡೆಯಲಾರದೆ ಎಸಿ ಹಾಕಿಕೊಂಡೇ ಉಜ್ಜಿದ್ದರು. ಗಾಳಿ ಒಳಗೆಳೆಯುವ ಜಾಲರಿಗೆ ಒಂದು ಪ್ಲಾಸ್ಟಿಕ್ ಹಾಳೆ ಕಟ್ಟಿಸಬೇಕೆಂದು ನನಗೂ ಹೊಳೆಯಲಿಲ್ಲ.

ಡಕ್ಟ್ ಕ್ಲೀನಿಂಗಿಗೆ ಕರೆಸಿದ್ದು ಠಾಣೆ ಕಡೆಯ ಒಂದು ಸಣ್ಣ ಸಂಸ್ಥೆಯನ್ನು, ಹೆಸರು ಬೇಡ. 9,500 ರೂಪಾಯಿ, ಮೇಲೆ 18% ಜಿಎಸ್‌ಟಿ. ಒಂಬತ್ತಕ್ಕೆ ಬರುತ್ತೇವೆಂದವರು ಬಂದದ್ದು ಹನ್ನೊಂದೂವರೆಗೆ.

ಕೆಲಸ ಮಾತ್ರ ಅಚ್ಚುಕಟ್ಟು. ಜಾಲರಿಗಳಿಗೆಲ್ಲ ಪ್ಲಾಸ್ಟಿಕ್ ಬಿಗಿದು, ಎಸಿ ಯಂತ್ರದ ಬಳಿ ಡಕ್ಟ್‌ಗೆ ದಪ್ಪ ಪೈಪ್ ಜೋಡಿಸಿ ಗಾಳಿ ಹೀರಲು ಬಿಟ್ಟರು. ಆಮೇಲೆ ಒಂದೊಂದೇ ಬಾಯಿ ತೆರೆದು ತಿರುಗುವ ಬ್ರಷ್ ತೂರಿಸಿದರು. ಒಳಗೆ ಎದ್ದ ಧೂಳು ಹೊರಗೆ ಹಾರದೆ ಪೈಪಿಗೇ ಹೋಗುತ್ತದೆ. ಮಲಗುವ ಕೋಣೆಯದು ಫಾಯಿಲ್‌ನ ಮೆತ್ತನೆ ಡಕ್ಟ್. ಬ್ರಷ್‌ಗೆ ಹರಿದೀತೆಂದು ಅಲ್ಲಿ ಬರೀ ಗಾಳಿ ಊದಿ ಉದುರಿಸಿದರು. ಹೊರಬಿದ್ದದ್ದು ಪಿಒಪಿ ಪುಡಿ, ಮರದ ಹೊಟ್ಟು, ಒಂದು ಬಿಸ್ಕತ್ ಕವರ್, ಒಂದು ಬೀಡಿ ತುಂಡು. ಬೀಡಿಯ ಫೋಟೊ ನಮ್ಮ ಕಂಟ್ರಾಕ್ಟರ್‌ಗೆ ಕಳಿಸಿದ್ದೇನೆ, ಉತ್ತರವಿಲ್ಲ.

ನನ್ನ ತಕರಾರು ಕಾಯಿಲ್, ಅಂದರೆ ಎಸಿಯೊಳಗೆ ಗಾಳಿ ತಂಪಾಗಿಸುವ ಕೊಳವೆ ಸುರುಳಿಯ ವಿಷಯದಲ್ಲಿ. ಡಕ್ಟ್‌ಗಿಂತ ಹೆಚ್ಚು ಕೊಳೆ ಇದ್ದದ್ದು ಅಲ್ಲೇ: ತೆಳು ಜಾಲರಿ ಫಿಲ್ಟರ್ ದಾಟಿದ ಪಿಒಪಿ ಒದ್ದೆ ಕಾಯಿಲ್ ಮೇಲೆ ಗಾರೆಯಂತೆ ಕೂತು, ನೀರು ಹೋಗುವ ಟ್ರೇಯನ್ನೂ ಮುಚ್ಚಿತ್ತು. ಅದನ್ನು ಹಾಗೇ ಬಿಟ್ಟರೆ ಡಕ್ಟ್ ತೊಳೆದೇನು ಬಂತು? ಆದರೆ ಕಾಯಿಲ್‌ಗೆ ಬೇರೆ 1,500 ಎಂದು ಹೇಳಿದ್ದು ಸೀಲಿಂಗ್ ಬಿಚ್ಚಿದ ಮೇಲೆ!

ಕೊನೆಗೆ ಸೂಪರ್‌ವೈಸರ್ ‘ಜರ್ಮ್ ಫಾಗಿಂಗ್’ (ಕ್ರಿಮಿನಾಶಕದ ಮಂಜು ಹೊಡೆಯುವುದು), ವರ್ಷದ ಕಾಂಟ್ರಾಕ್ಟ್ ಅಂತ ಹಿಂದಿಯಲ್ಲಿ ಶುರು ಮಾಡಿದರು. ಅತ್ತೆಯ ಜೊತೆ ನನ್ನ ಮಾತು ಕೇಳಿಸಿಕೊಂಡಿದ್ದ ಹುಡುಗ, ವಿಜಯಪುರದವನಂತೆ, ಏಣಿ ಮೇಲಿಂದಲೇ ಮೆಲ್ಲಗೆ, “ಬ್ಯಾಡ್ರಿ ಅಕ್ಕಾರ, ಬೂಸ್ಟು ಏನೂ ಹಿಡದಿಲ್ಲ, ಧೂಳ ತಗದೀವಲ್ಲ, ಸಾಕು” ಎಂದ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳುವುದೂ ಹೆಚ್ಚುಕಮ್ಮಿ ಅದನ್ನೇ: ಬೂಸ್ಟು, ಇಲಿ-ಹುಳು, ಇಲ್ಲವೇ ಕಟ್ಟಿಕೊಂಡ ಧೂಳು ಇದ್ದರೆ ಡಕ್ಟ್ ಕ್ಲೀನ್ ಮಾಡಿಸಿ, ವರ್ಷಾವರ್ಷ ಬೇಕಿಲ್ಲ. ಕಾಂಟ್ರಾಕ್ಟ್ ಬೇಡವೆಂದೆ.

ಮಗನ ಪುಟ್ಟ ಮೀಟರಿನಲ್ಲಿ ಎಸಿ ಹಾಕಿದಾಗ ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಧೂಳು, ಘನ ಮೀಟರಿಗೆ ಸುಮಾರು 110 ಮೈಕ್ರೊಗ್ರಾಂ ಇರುತ್ತಿತ್ತು, ಮರುದಿನ 45ರ ಆಸುಪಾಸು. ನಮ್ಮ ದೇಶದ 24 ಗಂಟೆಯ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆಯದು 15. ಕಿಟಕಿ ತೆಗೆದರೆ ಹೈವೇ ಕಡೆಯಿಂದ ಮತ್ತೆ ಏರುತ್ತದೆ. ತೆಗೆಯದೆ ವಿಧಿಯಿಲ್ಲ, ಹೊಸ ವಾರ್ಡ್‌ರೋಬಿನ ಪ್ಲೈವುಡ್ ಅಂಟಿನ ವಾಸನೆ ಡಕ್ಟ್‌ನದ್ದಲ್ಲವಲ್ಲ, ಇನ್ನೂ ಹೋಗಿಲ್ಲ.

ಐದಕ್ಕೆ ನಾಲ್ಕು ನಕ್ಷತ್ರ. ಒಂದು ಕಳೆದದ್ದು ಆ 1,500ಕ್ಕೆ.