ಕಾಲುಸಂಕದ ಕಂಪನದ ಲೆಕ್ಕ: ಸಮ ಮೆಶ್ ಸಾಕೇ, ಅಡಾಪ್ಟಿವ್ ಮೆಶ್ ಬೇಕೇ?

ಲೆಕ್ಕಕ್ಕಾಗಿ ರಚನೆಯನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದ ಜಾಲವೇ ಮೆಶ್. ಎಲ್ಲೆಡೆ ಒಂದೇ ಅಳತೆಯ ತುಂಡಿದ್ದರೆ ಸಮ ಮೆಶ್, ದೋಷ ಹೆಚ್ಚಿರುವಲ್ಲಿ ಮಾತ್ರ ಸಣ್ಣದಾಗಿಸಿದರೆ ಅಡಾಪ್ಟಿವ್ ಮೆಶ್. ಕೊಡಗಿನ ನಾಪೋಕ್ಲು, ವಿರಾಜಪೇಟೆ ಕಡೆಯ ಕಾಫಿ ತೋಟಗಳಲ್ಲಿ ತೋಡು ದಾಟಲು ಹಾಕುವಂಥ ಉಕ್ಕಿನ ಕಾಲುಸಂಕದ ಮಾದರಿಯ ಮೇಲೆ ಎರಡನ್ನೂ ಓಡಿಸಿ ನೋಡಿದೆವು. ಉದ್ದ 12 ಮೀಟರ್, ಎರಡು ಐಎಸ್‌ಎಂಬಿ 200 (200 ಮಿ.ಮೀ. ಎತ್ತರದ, I ಆಕಾರದ) ತೊಲೆ, ಹಲಗೆ ಸೇರಿ ಮೀಟರಿಗೆ 100 ಕಿಲೋ. ಮೊದಲ ಲಂಬ ಆವರ್ತನ ಸುಮಾರು 3.3 ಹರ್ಟ್ಜ್. ಮೂಟೆ ಹೊತ್ತು ನಿಮಿಷಕ್ಕೆ 100 ಹೆಜ್ಜೆ ಹಾಕುವವರ ಎರಡನೇ ಹಾರ್ಮೋನಿಕ್ (ಹೆಜ್ಜೆಯ ಆವರ್ತನದ ಇಮ್ಮಡಿ) ಸರಿಯಾಗಿ ಅಲ್ಲೇ ಬಂದು ಕೂರುತ್ತದೆ.

ಆವರ್ತನವಷ್ಟೇ ಬೇಕಿದ್ದರೆ ಎಂಟು ನೋಡಿನ (ಲೆಕ್ಕದ ಬಿಂದುವಿನ) ಶೆಲ್, ಅಂದರೆ ತೆಳು ಹಾಳೆಯಂಥ, ಎಲಿಮೆಂಟಿನ ಸಮ ಮೆಶ್ ಧಾರಾಳ ಸಾಕು. ಎನರ್ಜಿ ನಾರ್ಮ್‌ನಲ್ಲಿ (ಇಡೀ ರಚನೆಯ ಸ್ಟ್ರೆಸ್ ದೋಷವನ್ನು ಒಟ್ಟುಗೂಡಿಸಿದ ಅಳತೆ) 5% ದೋಷವಿದ್ದರೂ ಐಗೆನ್‌ಮೌಲ್ಯದ (ಆವರ್ತನದ ವರ್ಗಕ್ಕೆ ಅನುಪಾತದಲ್ಲಿರುವ ಸಂಖ್ಯೆ) ದೋಷ ಸುಮಾರು ಅದರ ವರ್ಗ, 0.25%, ಆವರ್ತನದ್ದು ಅದರಲ್ಲೂ ಅರ್ಧ.

ಸ್ಟ್ರೆಸ್, ಅಂದರೆ ಉಕ್ಕಿನೊಳಗಿನ ಒತ್ತಡ, ಕೇಳಿದಾಗ ಸಮ ಮೆಶ್ ಸೋಲುತ್ತದೆ. ತೊಲೆಯ ತುದಿಯಲ್ಲಿ ಫ್ಲೇಂಜ್ (ತೊಲೆಯ ಮೇಲಿನ, ಕೆಳಗಿನ ಅಡ್ಡಪಟ್ಟಿ) ಕತ್ತರಿಸಿದ 270 ಡಿಗ್ರಿಯ ಒಳಮೂಲೆಯೇ ಕಾರಣ. ಅಲ್ಲಿ ಎಲಿಮೆಂಟಿನ ಅಳತೆ ಅರ್ಧ ಮಾಡಿದರೆ ಎಲಿಮೆಂಟುಗಳು ನಾಲ್ಕು ಪಟ್ಟಾಗುತ್ತವೆ, ದೋಷ ಮಾತ್ರ 0.69ರಷ್ಟಕ್ಕೆ ಇಳಿದು ನಿಲ್ಲುತ್ತದೆ.

ಇಲ್ಲಿ ಅಡಾಪ್ಟಿವ್ ಮೆಶ್ ಬೇಕು; ಎಲ್ಲಿ ಸಣ್ಣದಾಗಿಸಬೇಕೆಂದು ತಿಳಿಯಲು ದೋಷ ಅಂದಾಜಿಸುವ ಝಿಯೆಂಕಿವಿಚ್–ಝು ವಿಧಾನವೇ ನಮ್ಮ ಆಯ್ಕೆ. 1987ರ ಮೂಲ ರೂಪಕ್ಕಿಂತ 1992ರ ಪ್ಯಾಚ್ ರಿಕವರಿ ಮೇಲು: ನೋಡಿನ ಸುತ್ತಲಿನ ಎಲಿಮೆಂಟುಗಳ ಗುಂಪಿನಲ್ಲಿ (ಪ್ಯಾಚ್) ಸ್ಟ್ರೆಸ್ ಲೆಕ್ಕ ಹಾಕುವ ಒಳಬಿಂದುಗಳಾದ 2×2 ಗಾಸ್ ಬಿಂದುಗಳ ಸ್ಟ್ರೆಸ್‌ಗೆ ಲೀಸ್ಟ್ ಸ್ಕ್ವೇರ್ಸ್‌ನಿಂದ ನಯವಾದ ಮೇಲ್ಮೈ ಹೊಂದಿಸಿ, ಅದಕ್ಕೂ ಕಚ್ಚಾ ಸ್ಟ್ರೆಸ್‌ಗೂ ಇರುವ ಅಂತರವನ್ನೇ ದೋಷವೆಂದು ಹಿಡಿಯುವುದು. ದೋಷ ಮಿತಿಯ ಎರಡರಷ್ಟಿದ್ದರೆ ಅಲ್ಲಿನ ಅಳತೆಯನ್ನು 0.71ರಿಂದ ಗುಣಿಸಬೇಕು. ಫ್ಲೇಂಜ್ ಮತ್ತು ವೆಬ್ (ನಡುವಿನ ನಿಂತ ಹಾಳೆ) ಕೂಡುವಲ್ಲಿ ಪ್ಯಾಚ್ ಅನ್ನು ಬೇರೆ ಬೇರೆಯಾಗಿ ಒಡೆಯಲೇಬೇಕು. ಅಲ್ಲಿ ಸ್ಟ್ರೆಸ್ ನಿಜವಾಗಿಯೂ ಜಿಗಿಯುತ್ತದೆ, ಒಡೆಯದಿದ್ದರೆ ಆ ಜಿಗಿತವೂ ದೋಷವಾಗಿ ಕಂಡು ಮೆಶ್ ಸುಮ್ಮನೆ ಸಣ್ಣದಾಗುತ್ತಾ ಹೋಗುತ್ತದೆ. ಮೂಲೆಯನ್ನು ಚೂಪಾಗಿ ಬಿಡದೆ ನಿಜವಾದ ತ್ರಿಜ್ಯ ಕೊಡಿ. ಚೂಪು ಮೂಲೆಯ ಗರಿಷ್ಠ ಸ್ಟ್ರೆಸ್ ಪ್ರತಿ ಸುತ್ತಿನಲ್ಲೂ ಏರುತ್ತಲೇ ಇರುತ್ತದೆ, ನೆಲೆ ನಿಲ್ಲುವುದಿಲ್ಲ.

ಲೆಕ್ಕದಲ್ಲಿ ಸಮಯದ ಪ್ರತಿ ಹೆಜ್ಜೆಗೂ ಮೆಶ್ ಬದಲಿಸುವುದನ್ನು ನಾವು ಒಪ್ಪುವುದಿಲ್ಲ. ಸ್ಥಾನಾಂತರ, ವೇಗಗಳನ್ನು ಹೊಸ ಮೆಶ್‌ಗೆ ಸಾಗಿಸುವಾಗ ಶಕ್ತಿ ಸೋರುತ್ತದೆ, ಸುಳ್ಳು ಕಂಪನವೂ ಸೇರಿಕೊಳ್ಳುತ್ತದೆ. ಇಂಥ ಲೀನಿಯರ್ (ಭಾರಕ್ಕೆ ತಕ್ಕ ಅನುಪಾತದಲ್ಲೇ ಬಾಗುವ) ಸಂಕಕ್ಕೆ ಕಂಪನದ ಮುಖ್ಯ ರೂಪಗಳಾದ ಮೋಡ್‌ಗಳ ದೋಷಗಳಲ್ಲಿ ಪ್ರತಿ ಜಾಗದ ಗರಿಷ್ಠವನ್ನು ತೆಗೆದುಕೊಂಡು ಒಂದೇ ಮೆಶ್ ಕಟ್ಟುವುದು ಲೇಸು.

ಇಷ್ಟೆಲ್ಲ ಮಾಡಿಯೂ ಸಮಯದ ಹೆಜ್ಜೆ ದೊಡ್ಡದಾಗಿದ್ದರೆ ಶ್ರಮ ವ್ಯರ್ಥ. ಚಲನೆಯನ್ನು ಸಮಯದ ಹೆಜ್ಜೆಹೆಜ್ಜೆಯಾಗಿ ಲೆಕ್ಕ ಹಾಕುವ ನ್ಯೂಮಾರ್ಕ್ ಸರಾಸರಿ ವೇಗೋತ್ಕರ್ಷ ವಿಧಾನದಲ್ಲಿ 0.015 ಸೆಕೆಂಡ್ ಹಿಡಿದರೆ ಆವರ್ತಕಾಲ 0.8% ಹಿಗ್ಗುತ್ತದೆ, ಡ್ಯಾಂಪಿಂಗ್ (ಕಂಪನ ತಗ್ಗಿಸುವ ಗುಣ) 0.5% ಇರುವ ಸಂಕದಲ್ಲಿ ಅನುರಣನದ (ಹೆಜ್ಜೆ, ಸಂಕ ಒಂದೇ ಆವರ್ತನದಲ್ಲಿ ಕೂಡಿದಾಗಿನ) ಗರಿಷ್ಠ ಕಂಪನ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿದು ಸಂಕ ಭದ್ರವಾಗಿರುವಂತೆ ತೋರುತ್ತದೆ. 0.005 ಸೆಕೆಂಡ್‌ಗೆ ಇಳಿಸಿದರೆ ಆ ದೋಷ 0.09%, ಮೆಶ್‌ನ ಆವರ್ತನ ದೋಷಕ್ಕೆ ಹೆಚ್ಚುಕಡಿಮೆ ಸಮ.