ಹಳೆಯ ಸಿ5 ಕಾರ್ವೆಟ್‌ಗೆ ಹೊಸ ಶಾಕ್ ಅಬ್ಸಾರ್ಬರ್: ಆರು ವರ್ಷ ಓಡಿಸಿದ ಮೇಲೆ

ನನ್ನದು 2000ನೇ ಇಸವಿಯ ಶೆವ್ರೊಲೆ ಕಾರ್ವೆಟ್ ಕೂಪೆ. ಐದನೇ ತಲೆಮಾರಿನ ಗಾಡಿ, ಎಲ್ಲರೂ ಸಿ5 ಅಂತಲೇ ಕರೆಯುತ್ತಾರೆ. 1997ರಿಂದ 2004ರವರೆಗೆ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್‌ನಲ್ಲಿ ತಯಾರಾಗುತ್ತಿತ್ತು. ನಾನಿರುವ ಲೂಯಿವಿಲ್‌ನಿಂದ ಆ ಊರಿಗೆ ಎರಡು ಗಂಟೆಯೊಳಗಿನ ದಾರಿ. 2019ರಲ್ಲಿ ಕೊಂಡಾಗ 62 ಸಾವಿರ ಮೈಲಿ ಓಡಿತ್ತು. 5.7 ಲೀಟರ್ ವಿ8 ಇಂಜಿನ್, 345 ಎಚ್‌ಪಿ. ಇಂಜಿನ್ ವಿಷಯದಲ್ಲಿ ಇವತ್ತಿಗೂ ಒಂದು ದೂರಿಲ್ಲ. ತೊಂದರೆ ಇದ್ದದ್ದು ಸಸ್ಪೆನ್ಷನ್‌ನಲ್ಲಿ.

ಐ-65 ಹೆದ್ದಾರಿಯಲ್ಲಿ ಸೇತುವೆಯ ಜಾಯಿಂಟ್ ದಾಟಿದರೆ ಮೂತಿ ಮೂರು ಸಲ ಏಳುತ್ತಿತ್ತು, ಬೀಳುತ್ತಿತ್ತು. ತಿರುವಿನಲ್ಲಿ ಸಣ್ಣ ಗುಂಡಿ ಸಿಕ್ಕರೂ ಹಿಂಭಾಗ ಪಕ್ಕಕ್ಕೆ ಜಿಗಿದ ಹಾಗೆ ಅನಿಸುತ್ತಿತ್ತು. ಒಂದು ದಿನ ಪಕ್ಕದಲ್ಲಿ ಕೂತಿದ್ದ ಹೆಂಡತಿ ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದುಕೊಂಡು, "ನಿಧಾನ ಹೋಗಿ, ಹೊಟ್ಟೆ ತೊಳೆಸ್ತಿದೆ" ಅಂದಳು. ಇನ್ನು ಮುಂದೂಡಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಕೇಳಿದವರಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ ಮಾತು. ಪಾಟಾ (ಲೀಫ್ ಸ್ಪ್ರಿಂಗ್) ಕಿತ್ತುಹಾಕು, ಕಾಯಿಲ್‌ಓವರ್ ಹಾಕಿಸು. ಕಾಯಿಲ್‌ಓವರ್ ಅಂದರೆ ಶಾಕ್ ಸುತ್ತಲೇ ಸುರುಳಿ ಸ್ಪ್ರಿಂಗ್ ಕೂರಿಸಿದ ಜೋಡಿ. ಕಾರ್ವೆಟ್ ಬಗ್ಗೆ ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ಈ ಗಾಡಿಯಲ್ಲಿ ಸುರುಳಿ ಸ್ಪ್ರಿಂಗ್ ಇಲ್ಲ. ಮುಂದೊಂದು, ಹಿಂದೊಂದು, ಎಡಗಡೆಯಿಂದ ಬಲಗಡೆಗೆ ಅಡ್ಡಲಾಗಿ ಒಂದೊಂದೇ ಪಾಟಾ. ಅದೂ ಸ್ಟೀಲಿನದಲ್ಲ, ಫೈಬರ್‌ಗ್ಲಾಸ್‌ನದು. 1963ರಲ್ಲಿ ಹಿಂದಿನ ಚಕ್ರಗಳಿಗೆ ಅಡ್ಡ ಪಾಟಾ ಬಂದಾಗ ಅದು ಸ್ಟೀಲಿನದಾಗಿತ್ತು. 1981ರಲ್ಲಿ ಫೈಬರ್ ಶುರುವಾಯಿತು. 18 ಕೆಜಿಗೂ ಜಾಸ್ತಿ ತೂಗುತ್ತಿದ್ದ ಪಾಟಾ ಹೋಗಿ, ನಾಲ್ಕು ಕೆಜಿಗಿಂತ ಹಗುರವಾದದ್ದು ಬಂತು. ತುಕ್ಕಿನ ಮಾತೇ ಇಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರಲ್ಲಿ ಇದು ಸಣ್ಣ ಲಾಭವಲ್ಲ. 2019ರವರೆಗೂ ಕಾರ್ವೆಟ್‌ನಲ್ಲಿ ಇದೇ ಪದ್ಧತಿ ಇತ್ತು. 2020ರ ಸಿ8ನಲ್ಲಿ ಮಾತ್ರ ಸುರುಳಿ ಸ್ಪ್ರಿಂಗ್ ಬಂತು.

ಆ ಬೇಸಿಗೆಯಲ್ಲಿ ಅಪ್ಪ ಹಾಸನದಿಂದ ಬಂದಿದ್ದರು. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿದಾಗ ಟಾರ್ಚ್ ಹಿಡಿದು ಕೆಳಗೆ ಇಣುಕಿದರು. "ಇದೇನೋ, ಪಾಟಾ ಅಡ್ಡಕ್ಕೆ ಹಾಕವ್ರೆ?" ಅಂತ ಕೇಳಿದರು. ಆಮೇಲೆ ಉಗುರಿನಿಂದ ಕೆರೆದರು, ಎರಡೂ ತುದಿಗೆ ಬೆರಳಾಡಿಸಿದರು. "ಬಿರುಕಿಲ್ಲ, ಪದರ ಎದ್ದಿಲ್ಲ. ಪಾಟಾ ಚೆನ್ನಾಗೈತೆ ಕಣೋ. ಶಾಕ್ ಸತ್ತೋಗಿದೆ ನೋಡು." ನಿಜ. ಮುಂದಿನ ಎಡಗಡೆಯ ಶಾಕ್ ಮೇಲೆ ಎಣ್ಣೆ ಇಳಿದು, ಅದರ ಮೇಲೆ ಧೂಳು ಕೂತು, ಕಪ್ಪು ಹೆಪ್ಪು ಕಟ್ಟಿತ್ತು. ಬಿಚ್ಚಿ ಕೈಯಲ್ಲಿ ಒತ್ತಿದರೆ ಒಳಗೆ ಹೋದದ್ದು ಅಲ್ಲೇ ಉಳಿಯಿತು.

ಭಾರ ಹೊರುವುದು ಸ್ಪ್ರಿಂಗ್. ಅದರ ಕುಣಿತ ನಿಲ್ಲಿಸುವುದು ಶಾಕ್. ಒಳಗಿನ ಎಣ್ಣೆ ಸಣ್ಣ ಕಿಂಡಿಗಳಲ್ಲಿ ನುಗ್ಗುವಾಗ ಆ ಕುಣಿತವೆಲ್ಲ ಬಿಸಿಯಾಗಿ ಹೊರಗೆ ಹೋಗುತ್ತದೆ. ಶಾಕ್ ಸೋತ ಗಾಡಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಕುಣಿತ ಇನ್ನೂ ಜೋರಾಗುತ್ತದೆ, ಅಷ್ಟೆ. ಹಾಗಾಗಿ ಪಾಟಾ ಮುಟ್ಟಲಿಲ್ಲ.

ಶಾಕ್‌ಗಿಂತ ಮೊದಲು ಟೈರು ಬದಲಿಸಿದೆ. ಹಳೆಯ ಟೈರಿನ ಮೇಲಿನ ಗೀರುಗಳು ಬೇಕಾದಷ್ಟು ಆಳವಿದ್ದವು, ಸವೆದಿರಲಿಲ್ಲ. ಆದರೆ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿ 2308. ಅಂದರೆ 2008ರ 23ನೇ ವಾರ ತಯಾರಾದದ್ದು. ಹನ್ನೊಂದು ವರ್ಷದ ರಬ್ಬರು ಮರದ ಹಾಗೆ ಗಟ್ಟಿಯಾಗಿತ್ತು. ಅದರ ಮೇಲೆ ರನ್‌ಫ್ಲಾಟ್ ಟೈರು ಬೇರೆ, ಗಾಳಿ ಹೋದರೂ ಓಡಲಿ ಅಂತ ಅದರ ಪಕ್ಕದ ಗೋಡೆಯೇ ದಪ್ಪ. ಮಾಮೂಲಿ ಟೈರು ಹಾಕಿಸಿದೆ. ಮುಂದೆ 17 ಇಂಚು, ಹಿಂದೆ 18 ಇಂಚು, ಕಂಪನಿಯ ಅಳತೆಯೇ. ರಸ್ತೆಯ ಸದ್ದು ಅರ್ಧಕ್ಕರ್ಧ ಇಳಿಯಿತು. ನೆನಪಿರಲಿ, ಸಿ5ನಲ್ಲಿ ಸ್ಟೆಪ್ನಿ ಇಲ್ಲ. ರನ್‌ಫ್ಲಾಟ್ ಬಿಟ್ಟರೆ ಪಂಕ್ಚರ್ ಕಿಟ್ಟು, ಗಾಳಿ ಪಂಪು ಡಿಕ್ಕಿಯಲ್ಲಿ ಇರಲೇಬೇಕು.

ಶಾಕ್‌ಗೆ ಬಿಲ್‌ಸ್ಟೈನ್ ಕಂಪನಿಯ ಎಚ್‌ಡಿ ಮಾದರಿ ಆರಿಸಿಕೊಂಡೆ. ನಾಲ್ಕಕ್ಕೆ ಸುಮಾರು 480 ಡಾಲರ್ ಆಯಿತು. ಇವು ಮೋನೋಟ್ಯೂಬ್, ಅಂದರೆ ಒಂದೇ ಕೊಳವೆಯವು. ಎಣ್ಣೆ ಒಂದು ಕಡೆ, ಒತ್ತಡದ ಸಾರಜನಕ ಇನ್ನೊಂದು ಕಡೆ, ನಡುವೆ ತೇಲುವ ಪಿಸ್ಟನ್. ಎಣ್ಣೆ ನೊರೆ ಏಳುವುದು ಕಡಿಮೆ. ಬಿಸಿ ನೇರ ಹೊರಗೋಡೆಯಿಂದಲೇ ಹೊರಗೆ ಹೋಗುತ್ತದೆ. ಹಳದಿ ಬಣ್ಣದ ಶಾಕ್ ಪಟ್ಟಿ ಬಿಗಿದುಕೊಂಡು ಡಬ್ಬಿಯಲ್ಲಿ ಬರುತ್ತದೆ. ಪಟ್ಟಿ ಕತ್ತರಿಸಿದಾಗ ರಾಡ್ ತನ್ನಷ್ಟಕ್ಕೆ ನಿಧಾನವಾಗಿ, ಒಂದೇ ಸಮನೆ ಹೊರಗೆ ಬಂತು. ಅಪ್ಪ ಅದನ್ನು ಎರಡು ಕೈಯಲ್ಲಿ ಒತ್ತಿ, ಬಿಟ್ಟು, ಮತ್ತೆ ಒತ್ತಿ, ಬಹಳ ಹೊತ್ತು ನೋಡುತ್ತಾ ಕೂತಿದ್ದರು.

ಕೆಲಸಕ್ಕೆ ಎರಡು ಶನಿವಾರ ಹಿಡಿಯಿತು. ಜಾಕ್ ಎಲ್ಲೆಂದರಲ್ಲಿ ಕೊಡಬೇಡಿ. ಫ್ರೇಮಿನಲ್ಲಿ ನಾಲ್ಕು ಕಡೆ ಉದ್ದನೆಯ ತೂತುಗಳಿವೆ, ಅದಕ್ಕೆ ಕೂರುವ ರಬ್ಬರ್ ಬಿಲ್ಲೆ ಹಾಕಿಯೇ ಎತ್ತಬೇಕು. ಇಲ್ಲದಿದ್ದರೆ ಬಾಗಿಲ ಕೆಳಗಿನ ಪ್ಯಾನೆಲ್ ಒಡೆದುಹೋಗುತ್ತದೆ. ಮುಂದಿನ ಶಾಕ್‌ನ ಮೇಲಿನ ನಟ್ಟು ಬಾನೆಟ್ ಒಳಗಿದೆ. ಅದನ್ನು ತಿರುಗಿಸಿದರೆ ರಾಡೂ ಜೊತೆಗೇ ತಿರುಗುತ್ತದೆ. ತುದಿಯನ್ನು ಒಂದು ಸ್ಪ್ಯಾನರ್‌ನಲ್ಲಿ ಹಿಡಿದು, ಇನ್ನೊಂದರಲ್ಲಿ ಬಿಚ್ಚಬೇಕು. ಹಿಂದಿನವು ಸಲೀಸು.

ಅದೇ ಸೇತುವೆ ಜಾಯಿಂಟ್ ಮೇಲೆ ಮತ್ತೆ ಹೋದೆ. ಒಂದು ಸಲ "ಧಪ್" ಅಂತು, ಮುಗಿಯಿತು. ಎರಡನೇ ಸಲ ಏಳಲೇ ಇಲ್ಲ. ಊರೊಳಗೆ ನಿಧಾನವಾಗಿ ಹೋಗುವಾಗ ಹಳೆಯದಕ್ಕಿಂತ ಸ್ವಲ್ಪ ಬಿಗಿ ಗೊತ್ತಾಗುತ್ತದೆ, ಒತ್ತಡದ ಗ್ಯಾಸ್ ಇರುವ ಶಾಕ್‌ನ ಗುಣವೇ ಅದು. ವೇಗ ಗಂಟೆಗೆ 40 ಮೈಲಿ ದಾಟಿದ ಮೇಲೆ ಹಿತವಾಗುತ್ತದೆ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಪಾಟಾದ ತುದಿಯಲ್ಲಿ ಎತ್ತರ ಹೊಂದಿಸುವ ಬೋಲ್ಟ್ ಇದೆ. ಗಾಡಿ ತಗ್ಗಿದರೆ ಚೆನ್ನಾಗಿ ಕಾಣುತ್ತದೆ ಅಂತ ಸುಮಾರು ಒಂದು ಇಂಚು ಇಳಿಸಿದೆ. ಚೆನ್ನಾಗಿಯೇ ಕಂಡಿತು. ಆದರೆ ಸಿ5 ರೇಡಿಯೇಟರ್‌ಗೆ ಬೇಕಾದ ಗಾಳಿಯನ್ನು ಮೂತಿಯ ಕೆಳಗಿನಿಂದ ಎಳೆದುಕೊಳ್ಳುತ್ತದೆ. ಆ ಗಾಳಿಯನ್ನು ಮೇಲಕ್ಕೆ ತಿರುಗಿಸುವುದು ಕೆಳಗಿರುವ ಕಪ್ಪು ಏರ್ ಡ್ಯಾಮ್. ಮೂರೇ ವಾರದಲ್ಲಿ ಒಂದು ಪಾರ್ಕಿಂಗ್ ಇಳಿಜಾರಿನಲ್ಲಿ ಅದು ಉಜ್ಜಿ ಹರಿದುಹೋಯಿತು. ಮರುದಿನ ಹೆದ್ದಾರಿಯಲ್ಲಿ ಟೆಂಪರೇಚರ್ ಮುಳ್ಳು ಏರುತ್ತಾ ಹೋದದ್ದು ನೋಡಿ ನಿಜಕ್ಕೂ ಹೆದರಿದೆ. ಹೊಸ ಏರ್ ಡ್ಯಾಮ್ ಹಾಕಿ, ಎತ್ತರ ಮೊದಲಿನ ಹಾಗೇ ಮಾಡಿದೆ. ನಮ್ಮ ರಸ್ತೆಗೆ ಆ ಎತ್ತರವೇ ಸರಿ.

ಎತ್ತರ ಮುಟ್ಟಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಅದಕ್ಕೂ ಮುಂಚೆ ಒಂದೆರಡು ದಿನ ಓಡಿಸಿ, ಗಾಡಿ ತನ್ನ ಎತ್ತರಕ್ಕೆ ಕೂರಲು ಬಿಡಬೇಕು. ಮೊದಲು ಹೋದ ಅಂಗಡಿಯಲ್ಲಿ ಮುಂದಿನ ಚಕ್ರ ಮಾತ್ರ ಸರಿಮಾಡಿ ಕಳಿಸಿದರು. ಹಿಂದಿನ ಟೋ, ಅಂದರೆ ಮೇಲಿನಿಂದ ನೋಡಿದರೆ ಚಕ್ರದ ಮುಂತುದಿ ತಿರುಗಿರುವ ದಿಕ್ಕು, ಹೊರಕ್ಕೇ ಉಳಿದಿತ್ತು. ಲೇನ್ ಬದಲಿಸಿದಾಗೆಲ್ಲ ಹಿಂಭಾಗ ತನ್ನಿಷ್ಟಕ್ಕೆ ತಿರುಗಿದ ಹಾಗೆ ಆಗುತ್ತಿತ್ತು. ಇದು ಸಣ್ಣ ತಪ್ಪಲ್ಲ, ಮಳೆಯಲ್ಲಿ ಪ್ರಾಣಕ್ಕೇ ಕುತ್ತು. ಈ ಗಾಡಿಗೆ ನಾಲ್ಕೂ ಚಕ್ರ ನೋಡಬೇಕು. ಅಳತೆಯ ಪ್ರಿಂಟ್ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ. ಎರಡನೇ ಅಂಗಡಿಯವರು ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವುದು, ಮುಂದೆ ಮೈನಸ್ 0.8 ಡಿಗ್ರಿ, ಹಿಂದೆ ಮೈನಸ್ 0.6 (ಮೈನಸ್ ಅಂದರೆ ಒಳಕ್ಕೆ), ಹಿಂದಿನ ಟೋ ಒಂದಿಷ್ಟೇ ಒಳಕ್ಕೆ ಇಟ್ಟುಕೊಟ್ಟರು. ಈ ಅಳತೆಯಲ್ಲಿ ಟೈರು ಸಮನಾಗಿ ಸವೆಯುತ್ತಿದೆ.

ಕಾಯಿಲ್‌ಓವರ್ ಹಾಕಿಸಿದ ಗೆಳೆಯನ ಸಿ5ನಲ್ಲೂ ಕೂತಿದ್ದೇನೆ. ಬೌಲಿಂಗ್ ಗ್ರೀನ್‌ನ ಕಾರ್ವೆಟ್ ಮ್ಯೂಸಿಯಂಗೆ ಸೇರಿದ ರೇಸ್ ಟ್ರ್ಯಾಕ್‌ನಲ್ಲಿ ಅದು ಅದ್ಭುತ. ತಿಂಗಳಿಗೊಮ್ಮೆ ಟ್ರ್ಯಾಕ್‌ಗೆ ಹೋಗುವವರಾದರೆ ಅದನ್ನೇ ಹಾಕಿಸಿ. ವಾಪಸ್ ಬರುವಾಗ ಹೆದ್ದಾರಿಯಲ್ಲಿ ಮಾತ್ರ ನನಗೆ ಸೊಂಟ ಹಿಡಿದುಕೊಂಡಿತ್ತು.

ಈಗ 86 ಸಾವಿರ ಮೈಲಿ ಆಗಿದೆ. ಶಾಕ್ ಹಾಕಿದ ಮೇಲೆ ಸರಿಸುಮಾರು 24 ಸಾವಿರ. ಎಲ್ಲೂ ಎಣ್ಣೆ ಜಿನುಗಿಲ್ಲ, ಸದ್ದಿಲ್ಲ. ಹೋದ ಅಕ್ಟೋಬರ್‌ನಲ್ಲಿ ಟೆನೆಸಿ ಗಡಿಯ ಡೀಲ್ಸ್ ಗ್ಯಾಪ್‌ಗೆ ಹೋಗಿದ್ದೆವು. 11 ಮೈಲಿಯಲ್ಲಿ 318 ತಿರುವು ಇರುವ ರಸ್ತೆ ಅದು. ಹೆಂಡತಿ ಪಕ್ಕದಲ್ಲೇ ಕೂತಿದ್ದಳು. ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಲು ಹೇಳಿದಳು. ಹೊಟ್ಟೆ ತೊಳೆಸಿತೇನೋ ಅಂದುಕೊಂಡೆ. "ಇಲ್ಲಿಂದ ನಾನು ಓಡಿಸ್ತೀನಿ" ಅಂತ ಕೀ ಕೇಳಿದಳು.