ಗ್ರಾಹಕರ ಬಳಗ ಕಟ್ಟೋಕೆ ಯಾವ ಆ್ಯಪ್ ಸರಿ? ಬಳಸುವವರ ಕಣ್ಣಲ್ಲಿ ಒಂದು ವಿಮರ್ಶೆ

ಫಾಲೋವರ್‌ಗಳ ಸಂಖ್ಯೆ ನೋಡಿಕೊಂಡೇ ಖುಷಿಪಡುವವರಿಗೆ ಇದು ಅಷ್ಟಾಗಿ ಹಿಡಿಸಲಿಕ್ಕಿಲ್ಲ. ಸಣ್ಣ ವ್ಯಾಪಾರ ಮಾಡುವವರು ಗ್ರಾಹಕರನ್ನು ಒಂದು ಕಡೆ ಸೇರಿಸೋಕೆ ಬಳಸುವ ಆ್ಯಪ್‌ಗಳನ್ನು ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇನೆ. ಒಬ್ಬ ಗ್ರಾಹಕ ಕೇಳಿದ್ದಕ್ಕೆ ಇನ್ನೊಬ್ಬ ಗ್ರಾಹಕ ಉತ್ತರ ಕೊಡೋಕೆ ಅಲ್ಲಿ ಜಾಗ ಇದೆಯಾ? ಇಲ್ಲ ಅಂದರೆ ಅದು ಪೋಸ್ಟರ್ ಅಂಟಿಸುವ ಗೋಡೆ, ಅಷ್ಟೇ. ಪೋಸ್ಟರ್ ಬೇಡ ಅನ್ನುತ್ತಿಲ್ಲ. ಅದನ್ನೇ ಬಳಗ ಅಂದುಕೊಂಡು ಕೂತರೆ ಕಷ್ಟ.

ಮೊದಲು ವಾಟ್ಸಾಪ್ ಬಿಸಿನೆಸ್. 2018ರಲ್ಲಿ ಬಂದ ಈ ಆ್ಯಪ್ ಹಾಕಿಕೊಳ್ಳೋಕೆ ದುಡ್ಡು ಕೊಡಬೇಕಿಲ್ಲ. ಕ್ಯಾಟಲಾಗ್ ಇಡಬಹುದು, ಪದೇಪದೇ ಬರುವ ಪ್ರಶ್ನೆಗೆ ಕ್ವಿಕ್ ರಿಪ್ಲೈ ಬರೆದಿಟ್ಟುಕೊಳ್ಳಬಹುದು, ನೀವು ಇಲ್ಲದ ಹೊತ್ತಿನಲ್ಲಿ ತಾನಾಗಿ ಹೋಗುವ ಸಂದೇಶವನ್ನೂ ಹೊಂದಿಸಿಡಬಹುದು. ಬಹಳ ಜನ ಮುಟ್ಟದೇ ಬಿಡುವುದು ಚಾಟ್‌ಗಳನ್ನು ವಿಂಗಡಿಸೋಕೆ ಇರುವ ಲೇಬಲ್‌ಗಳನ್ನು. ‘ಹೊಸ ಆರ್ಡರ್’, ‘ದುಡ್ಡು ಬಾಕಿ’ ಅಂತೆಲ್ಲ ಇಡುತ್ತಾರಲ್ಲ, ಅದರ ಜೊತೆಗೆ ‘ಮಾತಾಡುವವರು’ ಅಂತ ಇನ್ನೊಂದು ಲೇಬಲ್ ಇಟ್ಟು ನೋಡಿ. ಕೊಂಡ ವಸ್ತುವನ್ನು ಬಳಸಿ ಫೋಟೋ ಕಳಿಸುವವರು, ಇದು ಸರಿ ಬರಲಿಲ್ಲ ಅಂತ ಮುಖಕ್ಕೆ ಹೇಳುವವರು, ಗೆಳೆಯರಿಗೆ ನಿಮ್ಮ ನಂಬರ್ ಕೊಟ್ಟವರು, ಇವರೆಲ್ಲ ಅದರೊಳಗೆ ಬರಲಿ. ಮುಂದೆ ಗ್ರೂಪ್ ಮಾಡುವಾಗ ಮೊದಲು ಬೇಕಾಗುವವರು ಇವರೇ. ಸಾವಿರ ಜನರನ್ನು ಒಟ್ಟಿಗೆ ಸೇರಿಸಿದರೆ ಯಾರೂ ಬಾಯಿ ಬಿಡುವುದಿಲ್ಲ. ಮಾತಾಡುವ ಇಪ್ಪತ್ತು ಜನ ಮೊದಲೇ ಒಳಗಿದ್ದರೆ ಉಳಿದವರಿಗೂ ಧೈರ್ಯ ಬರುತ್ತದೆ.

ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಒಂದು ಪಟ್ಟಿಗೆ 256 ಜನ, ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಇದನ್ನು ಕೊರತೆ ಅನ್ನುವವರಿದ್ದಾರೆ. ನಂಬರ್ ಕೂಡ ಸೇವ್ ಮಾಡಿಕೊಳ್ಳದವರಿಗೆ ಆಫರ್ ಕಳಿಸಿ ಏನು ಪ್ರಯೋಜನ ಹೇಳಿ.

ಇನ್ನು ವಾಟ್ಸಾಪ್ ಗ್ರೂಪ್. 1024 ಜನ ಹಿಡಿಯುತ್ತದೆ, ಎಲ್ಲರಿಗೂ ಬಳಸಿ ಗೊತ್ತು, ಕಲಿಸುವ ತಾಪತ್ರಯ ಇಲ್ಲ. ಆದರೆ ಒಂದು ದೊಡ್ಡ ತೊಂದರೆ ಇದೆ. ಗ್ರೂಪಿಗೆ ಬಂದವರ ಫೋನ್ ನಂಬರ್ ಉಳಿದವರಿಗೆಲ್ಲ ಕಾಣುತ್ತದೆ. ಏನೋ ಒಂದು ಕೊಂಡುಕೊಂಡೆ ಅನ್ನುವ ಕಾರಣಕ್ಕೆ ಗುರುತು ಪರಿಚಯ ಇಲ್ಲದವರ ಕೈಗೆ ನಂಬರ್ ಹೋಗುವುದು ಯಾರಿಗೆ ಇಷ್ಟ? ಹೆಂಗಸರಂತೂ ಬೇರೆಯವರಿಂದ ಬೇಡದ ಮೆಸೇಜ್ ಬಂದ ಕೂಡಲೇ ಹೊರಗೆ ಹೋಗುತ್ತಾರೆ, ಹೋಗುವಾಗ ಕಾರಣವನ್ನೂ ಹೇಳುವುದಿಲ್ಲ.

ಇದಕ್ಕೆ ಪರಿಹಾರ 2022ರಲ್ಲಿ ಬಂದ ಕಮ್ಯುನಿಟಿ. ಸಾಮಾನ್ಯ ವ್ಯಾಪಾರಿಗೆ ನನ್ನ ಮೊದಲ ಆಯ್ಕೆ ಇದೇ. ಮೇಲೆ ಒಂದು ಪ್ರಕಟಣೆಯ ಗ್ರೂಪ್ ಇರುತ್ತದೆ. ಅಲ್ಲಿ ಹೊಸ ಸಂದೇಶ ಹಾಕುವುದು ಅಡ್ಮಿನ್ ಮಾತ್ರ, ಸದಸ್ಯರ ನಂಬರ್ ಬೇರೆ ಅಪರಿಚಿತ ಸದಸ್ಯರಿಗೆ ಕಾಣುವುದಿಲ್ಲ. ಅದರ ಕೆಳಗೆ ಮಾತುಕತೆಗೆ ಅಂತ ಬೇರೆ ಬೇರೆ ಗ್ರೂಪ್ ಮಾಡಬಹುದು. ಗಿಡ ಮಾರುವವರನ್ನೇ ತಗೊಳ್ಳಿ. ಹೊಸ ಗಿಡ ಬಂತು ಅನ್ನುವುದು ಮೇಲಿನ ಗ್ರೂಪಿಗೆ, ‘ಎಲೆ ಯಾಕೆ ಹಳದಿ ಆಗ್ತಿದೆ’ ಅನ್ನುವುದು ಕೆಳಗಿನ ಗ್ರೂಪಿಗೆ. ನೆನಪಿಡಿ, ಕೆಳಗಿನ ಗ್ರೂಪಿನಲ್ಲಿ ಮತ್ತೆ ನಂಬರ್ ಕಾಣುತ್ತದೆ. ಹಾಗಾಗಿ ಅಲ್ಲಿಗೆ ನೀವೇ ಯಾರನ್ನೂ ಎಳೆದು ಹಾಕಬೇಡಿ. ಲಿಂಕ್ ಕೊಡಿ, ನಂಬರ್ ಕಾಣುತ್ತದೆ ಅನ್ನುವುದನ್ನೂ ಹೇಳಿಬಿಡಿ. ಬೇಕಾದವರು ಬರುತ್ತಾರೆ.

2023ರಲ್ಲಿ ಬಂದ ವಾಟ್ಸಾಪ್ ಚಾನೆಲ್ ನೋಡೋಕೆ ಚೆನ್ನಾಗಿದೆ, ನಂಬರ್ ಬಯಲಾಗುವ ಭಯವೂ ಇಲ್ಲ. ಆದರೆ ಫಾಲೋ ಮಾಡಿದವರು ಇಮೋಜಿ ಒತ್ತಬಹುದು, ಪೋಲ್‌ಗೆ ವೋಟ್ ಹಾಕಬಹುದು, ಪಕ್ಕದ ಗ್ರಾಹಕನ ಜೊತೆ ಮಾತಿಗಿಳಿಯೋಕೆ ಆಗುವುದಿಲ್ಲ. ನನ್ನ ಪ್ರಶ್ನೆಯಲ್ಲಿ ಇದು ಫೇಲ್. ಅದೇ ವರ್ಷ ಬಂದ ಇನ್‌ಸ್ಟಾಗ್ರಾಂ ಬ್ರಾಡ್‌ಕಾಸ್ಟ್ ಚಾನೆಲ್ಲಿನಲ್ಲೂ ಮಾತು ಶುರು ಮಾಡುವವರು ನೀವೇ. ಇನ್‌ಸ್ಟಾಗ್ರಾಂ ಹೊಸಬರು ನಿಮ್ಮನ್ನು ಕಂಡುಹಿಡಿಯೋಕೆ ಒಳ್ಳೆಯ ಜಾಗ, ಸ್ಟೋರಿಯಲ್ಲಿ ಪ್ರಶ್ನೆಯ ಸ್ಟಿಕ್ಕರ್ ಹಾಕಿದರೆ ಉತ್ತರಗಳೂ ಬರುತ್ತವೆ, ಆದರೆ 24 ಗಂಟೆ ಕಳೆದರೆ ಸ್ಟೋರಿ ಮಾಯ. ಅಲ್ಲಿ ಸಿಕ್ಕವರನ್ನು ಬೇರೆ ಕಡೆಗೆ ಕರೆದುಕೊಂಡು ಬರಬೇಕು.

ಫೇಸ್‌ಬುಕ್‌ನಲ್ಲಿ ಪೇಜ್ ಬೇರೆ, ಗ್ರೂಪ್ ಬೇರೆ. 2018ರ ಜನವರಿಯಲ್ಲಿ ಫೇಸ್‌ಬುಕ್ಕೇ ಹೇಳಿತ್ತು, ಇನ್ನು ಮುಂದೆ ನ್ಯೂಸ್ ಫೀಡಿನಲ್ಲಿ ವ್ಯಾಪಾರದ ಪೋಸ್ಟ್‌ಗಳಿಗಿಂತ ಗೆಳೆಯರು, ಮನೆಯವರ ಪೋಸ್ಟ್‌ಗಳಿಗೇ ಆದ್ಯತೆ ಅಂತ. ಆದ್ದರಿಂದ ಜಾಹೀರಾತಿಗೆ ದುಡ್ಡು ಹಾಕದೆ ಪೇಜ್ ನಂಬಿಕೊಂಡು ಕೂರುವುದು ದಂಡ. ಗ್ರೂಪ್ ಹಾಗಲ್ಲ. ಸೇರುವವರಿಗೆ ಮೊದಲೇ 3 ಪ್ರಶ್ನೆ ಕೇಳಬಹುದು, ಪೋಸ್ಟ್‌ಗಳನ್ನು ನೋಡಿ ಒಪ್ಪಿಗೆ ಕೊಡಬಹುದು. ಎಲ್ಲಕ್ಕಿಂತ ದೊಡ್ಡ ಲಾಭ ಅಂದರೆ ಹುಡುಕಾಟ. ವಾಟ್ಸಾಪಿನಲ್ಲಿ ಒಳ್ಳೆಯ ಉತ್ತರ ಸಂಜೆಯೊಳಗೆ ಮೇಲೆ ಸರಿದು ಕಳೆದುಹೋಗುತ್ತದೆ, ಫೇಸ್‌ಬುಕ್ ಗ್ರೂಪಿನಲ್ಲಿ ಯಾವತ್ತೋ ಬರೆದ ಉತ್ತರವನ್ನು ಇವತ್ತು ಸೇರಿದವರೂ ಹುಡುಕಿ ಓದಬಹುದು. ರಿಪೇರಿ, ಹೊಲಿಗೆ, ಗಿಡ, ಕ್ಯಾಮೆರಾ, ಹೀಗೆ ಬಳಸುತ್ತಾ ಕಲಿಯುವಂಥ ವಸ್ತು ನಿಮ್ಮದಾದರೆ ನಾನು ವಾಟ್ಸಾಪಿಗಿಂತ ಇದನ್ನೇ ಹೇಳುತ್ತೇನೆ. ಪೋಸ್ಟ್ ಎಲ್ಲರಿಗೂ ಕಾಣುತ್ತದೆ ಅನ್ನುವ ಖಾತ್ರಿ ಮಾತ್ರ ಇಲ್ಲ.

ಟೆಲಿಗ್ರಾಂ ಸೌಲಭ್ಯದಲ್ಲಿ ಎಲ್ಲರಿಗಿಂತ ಮುಂದೆ. ಗ್ರೂಪಿನಲ್ಲಿ 2 ಲಕ್ಷ ಜನ ಇರಬಹುದು, ನಂಬರ್ ಮುಚ್ಚಿಟ್ಟು ಯೂಸರ್‌ನೇಮ್ ಮೂಲಕವೇ ಮಾತಾಡಬಹುದು, ಒಂದೇ ಗ್ರೂಪಿನೊಳಗೆ ವಿಷಯಕ್ಕೊಂದು ಭಾಗ ಮಾಡಬಹುದು. ಆದರೆ ನಿಮ್ಮ ಗ್ರಾಹಕರ ಫೋನಿನಲ್ಲಿ ಅದು ಇರಬೇಕಲ್ವಾ? ನಿಮಗೋಸ್ಕರ ಹೊಸ ಆ್ಯಪ್ ಹಾಕಿಕೊಳ್ಳುವವರು ಕಮ್ಮಿ.

ಆ್ಯಪ್ ಯಾವುದೇ ಆಗಲಿ, ನಡೆಸುವ ರೀತಿಯಲ್ಲೇ ಅರ್ಧ ಗ್ರೂಪ್‌ಗಳು ಸಾಯುತ್ತವೆ. ಪ್ರಶ್ನೆ ಬಂದ ತಕ್ಷಣ ಮಾಲೀಕರೇ ಉತ್ತರ ಹಾಕಿಬಿಡುತ್ತಾರೆ. ಸೇವೆ ಅಂತ ನೋಡಿದರೆ ಸರಿ, ಬಳಗಕ್ಕೆ ಅದು ಒಳ್ಳೆಯದಲ್ಲ. ತುರ್ತು ಇಲ್ಲದಿದ್ದರೆ ಸ್ವಲ್ಪ ಹೊತ್ತು ಸುಮ್ನೆ ಇರಿ. ಯಾರಾದರೂ ಗೊತ್ತಿದ್ದವರು ಹೇಳಲಿ, ಆಮೇಲೆ ನೀವು ಬಂದು ಅವರ ಹೆಸರು ಹಿಡಿದು ಥ್ಯಾಂಕ್ಸ್ ಹೇಳಿ, ತಪ್ಪಿದ್ದರೆ ಮೆತ್ತಗೆ ತಿದ್ದಿ. ಯಾರೂ ಹೇಳದಿದ್ದರೆ ‘ಇದನ್ನು ಬಳಸಿದವರು ಯಾರಿದ್ದೀರಿ?’ ಅಂತ ಕೇಳಿ.

ದೂರು ಬಂದಾಗ ಇನ್ನೂ ಎಚ್ಚರಿಕೆ ಬೇಕು. ವಾಟ್ಸಾಪ್ ಗ್ರೂಪಿನಲ್ಲಿ ಅಡ್ಮಿನ್ ಬೇರೆಯವರ ಸಂದೇಶ ಅಳಿಸಬಹುದು, ಆದರೆ ಅಡ್ಮಿನ್ ಅಳಿಸಿದ್ದಾರೆ ಅನ್ನುವ ಗುರುತು ಅಲ್ಲೇ ಎಲ್ಲರಿಗೂ ಕಾಣುತ್ತದೆ. ಅಳಿಸಿದ್ದು ಏನು ಅಂತ ಆಮೇಲೆ ಒಬ್ಬರಿಗೊಬ್ಬರು ಖಾಸಗಿಯಾಗಿ ಕೇಳಿಕೊಳ್ಳುತ್ತಾರೆ, ಸಣ್ಣ ದೂರು ದೊಡ್ಡ ಕತೆ ಆಗುತ್ತದೆ. ಬೈಗುಳ ಇದ್ದರೆ ಅಳಿಸಿ. ಬರೀ ದೂರಾದರೆ ಅಲ್ಲೇ ಉತ್ತರ ಕೊಡಿ, ವಿಳಾಸ, ಬಿಲ್ಲಿನ ಮಾತು ಬಂದಾಗ ಮಾತ್ರ ಪಕ್ಕಕ್ಕೆ ಕರೆಯಿರಿ. ಗುಡ್ ಮಾರ್ನಿಂಗ್ ಫೋಟೋಗಳನ್ನು ಮೊದಲ ದಿನವೇ ನಿಲ್ಲಿಸಿ, ನೀವೂ ಕಳಿಸಬೇಡಿ. ಒಮ್ಮೆ ಮ್ಯೂಟ್ ಮಾಡಿದ ಗ್ರೂಪನ್ನು ಮತ್ತೆ ತೆರೆದು ನೋಡುವವರು ಅಪರೂಪ. ರಾತ್ರಿ ಹೊತ್ತು ಗಲಾಟೆ ಜಾಸ್ತಿ ಆದರೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಬದಲಿಸಿ, ಬೆಳಿಗ್ಗೆ ಮತ್ತೆ ತೆರೆಯಿರಿ.

ಇನ್ನೊಂದು ಮಾತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೆ ಸುಮಾರು 6 ಗಂಟೆ ಬಂದ್ ಆಗಿದ್ದವು. ಮೂರೂ ಒಂದೇ ಕಂಪನಿಯವು. ಹಾಗಾಗಿ ಗ್ರಾಹಕರ ಹೆಸರು, ನಂಬರ್ ಇರುವ ಪಟ್ಟಿಯನ್ನು ಅವರ ಒಪ್ಪಿಗೆ ಕೇಳಿಯೇ ಬೇರೆ ಕಡೆ ಬರೆದಿಟ್ಟುಕೊಳ್ಳಿ. ಎಕ್ಸೆಲ್ ಆದರೂ ಸರಿ, ಪುಸ್ತಕ ಆದರೂ ಸರಿ.

ಎಲ್ಲರಿಗೂ ಬಳಗ ಬೇಕು ಅಂತೇನೂ ಇಲ್ಲ. ಒಮ್ಮೆ ಕೊಂಡರೆ ಹತ್ತು ವರ್ಷ ಮತ್ತೆ ನೆನಪೇ ಆಗದ ವಸ್ತು ಮಾರುವವರಾದರೆ ಗ್ರಾಹಕರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳೋಕೆ ಏನಿದೆ? ಅಂಥವರಿಗೆ ವಾಟ್ಸಾಪ್ ಬಿಸಿನೆಸ್, ಅದರಲ್ಲೊಂದು ಒಳ್ಳೆಯ ಕ್ಯಾಟಲಾಗ್, ಆಗಾಗ ಒಂದು ಸ್ಟೇಟಸ್ ಇಷ್ಟೇ ಸಾಕು. ಗ್ರೂಪ್ ಮಾಡುವ ಗೋಜಿಗೇ ಹೋಗಬೇಡಿ.